ಸೋಮಾರಿ ಕೊಲೆಗಾರ

ಗೆಳೆಯರು ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತ ಕಥೆ ಕಟ್ಟುವ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದ ಮಂತ್ರವಾದಿ ಬೆಂಕಿಯ ಉಂಡೆ ಎಸೆಯಬಲ್ಲ, ಸಿಡಿಲು ಹರಿಸಬಲ್ಲ. ಅಷ್ಟಾದರೂ ಶ್ರಮ ಅದರಲ್ಲಿದೆ. ‘ಫ್ಯಾಂಟಾಸ್ಮಲ್ ಕಿಲ್ಲರ್’ ಎಂಬ ಮಾಯಾಮಂತ್ರದಲ್ಲಿ ಅದೂ ಇಲ್ಲ. ಕೊಲೆಗಾರನನ್ನು ತಯಾರಿಸಿಕೊಳ್ಳುವ ಹೊಣೆ ಸಾಯುವವನದೇ! ಅವನ ಮನಸ್ಸಿನ ತಳದಲ್ಲಿ ಯಾವ ಹೆದರಿಕೆ ಕೂತಿದೆಯೋ ಅದೇ ಮೈತಳೆದು ಅವನ ಮೇಲೆರಗುತ್ತದೆ. ಉಳಿದವರಿಗೆ ಅದು ಕಾಣುವುದಿಲ್ಲ. 2000ದಲ್ಲಿ ಬಂದ, ಆಟದ ನಿಯಮಗಳ ಮೂರನೇ ಆವೃತ್ತಿಯ ಪ್ರಕಾರ ಮಂತ್ರ ಹಾಕಿದವನಿಗೂ ಕಾಣುವುದು ಒಂದು ಮಸುಕು ಆಕಾರವಷ್ಟೇ. ಯಾವುದನ್ನು ಛೂ ಬಿಟ್ಟೆನೆಂದು ಬಿಟ್ಟವನಿಗೇ ಗೊತ್ತಿಲ್ಲ.

ನಮ್ಮ ಯಕ್ಷಗಾನದ ಮಾಯೆ ಸಾರ್ವಜನಿಕವಾದದ್ದು. ಚೆಂಡೆ ಏರುತ್ತ, ತೆರೆಯ ಮೇಲಿಂದ ಬಣ್ಣದ ವೇಷದ ಕಿರೀಟ ಇಣುಕಿದರೆ ಮುಂದೆ ಕೂತ ಮಕ್ಕಳೆಲ್ಲ ಒಟ್ಟಿಗೇ ಅಜ್ಜಿಯ ಸೆರಗು ಹುಡುಕುತ್ತಾರೆ. ಇಂದ್ರಜಿತು ಮಾಯಾಸೀತೆಯನ್ನು ಕಡಿದಾಗ ಹನುಮಂತನೂ ನಂಬಿದ, ಕಪಿಸೇನೆಯೂ ನಂಬಿತು, ಸುದ್ದಿ ಕೇಳಿ ರಾಮನೂ ಮೂರ್ಛೆ ಹೋದ. ಹೆದರಲು ಜೊತೆಗೆ ಜನವಿದ್ದರೆ ಹೆದರಿಕೆಗೂ ಒಂದು ಮರ್ಯಾದೆ. ಈ ಆಟದಲ್ಲೋ, ಪಕ್ಕದ ಗೆಳೆಯರಿಗೆ ಕಾಣುವುದು ಬರಿಗಾಳಿಗೆ ಕತ್ತಿ ಬೀಸುವ ಮರುಳ.

ಮೂರನೇ ಆವೃತ್ತಿಯಲ್ಲಿ ಇಪ್ಪತ್ತು ಮುಖದ ದಾಳ ಉರುಳಿಸಿ ಮೊದಲು ಮನಸ್ಸು ‘ಇದು ಸುಳ್ಳು’ ಎನ್ನಬೇಕು. ಅದು ಸೋತರೆ ದೇಹದ ಪರೀಕ್ಷೆ. ಅದೂ ಸೋತರೆ ಹೆದರಿಯೇ ಸಾವು. 2014ರ ಐದನೇ ಆವೃತ್ತಿ ಈ ಸಾವನ್ನು ಕಂತಿಗೆ ಹಾಕಿತು. ಹೆಚ್ಚೆಂದರೆ ಒಂದು ನಿಮಿಷ, ಸರದಿಗೊಮ್ಮೆ ಮನಸ್ಸಿನ ಪರೀಕ್ಷೆ. ಸೋತಾಗಲೆಲ್ಲ ಹತ್ತು ಮುಖದ ನಾಲ್ಕು ದಾಳ ಬಿದ್ದಷ್ಟು ಪೆಟ್ಟು. ನನಗೆ ಹೊಸದೇ ಹೆಚ್ಚು ನಿಜವೆನಿಸುತ್ತದೆ, ನಮ್ಮ ಹೆದರಿಕೆಗಳೂ ಕಂತಿನಲ್ಲೇ ವಸೂಲಿ ಮಾಡುವುದು. ಆದರೆ ಹಳೆಯದರಲ್ಲೊಂದು ಸೊಗಸಾದ ಕುಚೇಷ್ಟೆಯಿತ್ತು: ಪರರ ಮನಸ್ಸನ್ನು ಓದಬಲ್ಲ ಮಾಯಾ ಶಿರಸ್ತ್ರಾಣ ತೊಟ್ಟವನು ನಂಬದೆ ಉಳಿದರೆ, ಆ ಮೃಗವನ್ನು ಮಂತ್ರ ಹಾಕಿದವನ ಮೇಲೆಯೇ ತಿರುಗಿಸಬಹುದಿತ್ತು.

ಉಡುಪಿಯ ನನ್ನ ತಂಗಿಯ ಮಗ ಮಣಿಪಾಲದ ಗೆಳೆಯರ ಕೋಣೆಯಲ್ಲಿ ಈ ಆಟ ಆಡುತ್ತಾನೆ. ಆಟ ನಡೆಸುವವಳು ಧಾರವಾಡದ ಹುಡುಗಿ. ಮಂತ್ರಕ್ಕೆ ಸಿಕ್ಕಿಬಿದ್ದ ಇವನಿಗೆ ಅವಳು ಎದುರು ನಿಲ್ಲಿಸಿದ್ದು ಹೆಡೆಯೆತ್ತಿದ ಆಳೆತ್ತರದ ನಾಗರಹಾವನ್ನು. ಇವನು ಕತ್ತಿಯನ್ನು ಒರೆಗೆ ಸೇರಿಸಿ ಕೈಕಟ್ಟಿ ನಿಂತ.

“ಹೊಡೆಯುವುದಿಲ್ಲವೇ? ಅದು ಬರೀ ಮಾಯೆ.”

“ಮಾಯೆಯಾದರೂ ನಾಗನೇ. ನಾನು ಕೈ ಎತ್ತುವುದಿಲ್ಲ.”

ನಾಗದೋಷವೆಂದರೇನೆಂದು ಅವಳಿಗೆ ವಿವರಿಸುವುದರಲ್ಲಿ ಆಟ ಅರ್ಧ ಗಂಟೆ ನಿಂತಿತಂತೆ. ತಮಾಷೆಯೆಂದರೆ ನಿಯಮವೂ ಇವನ ಪರವಾಗಿಯೇ ಇತ್ತು. ಇಲ್ಲದ ಹಾವಿಗೆ ಕತ್ತಿ ತಾಗುವುದೆಲ್ಲಿಂದ ಬಂತು? ಉಳಿಸುವುದಿದ್ದರೆ ಮನೋಬಲವೇ ಉಳಿಸಬೇಕು. ಒಂದೆರಡು ಸರದಿ ಪೆಟ್ಟು ತಿಂದ ಮೇಲೆ ದಾಳ ಒಲಿಯಿತು, ಹಾವು ಮಾಯವಾಯಿತು.

ಆದರೂ ಹುಡುಗನಿಗೆ ಸಮಾಧಾನವಿಲ್ಲ. ತನ್ನಿಂದಾಗಿ ಮಾಯವಾದ ನಾಗನಿಗೆ ಆಶ್ಲೇಷಾ ಬಲಿಯ ಶಾಂತಿಪೂಜೆ ಬೇಕಾದೀತೇ ಎಂದು ಮನೆಗೆ ಬಂದವನೇ ಅಜ್ಜಿಯನ್ನು ಕೇಳಿದ. ನನ್ನ ತಾಯಿಗೆ ದಾಳವೂ ಗೊತ್ತಿಲ್ಲ, ಆವೃತ್ತಿಯೂ ಗೊತ್ತಿಲ್ಲ. “ಬಲಿಗಿಲಿ ಏನೂ ಬೇಡ ಮಗ,” ಎಂದರು, “ಯಾವುದಕ್ಕೂ ಇರಲಿ, ನಾಳೆ ನಾಗಬನಕ್ಕೆ ಹೋಗಿ ಹಾಲು-ಸೀಯಾಳದ ತನು ಎರೆಸಿಕೊಂಡು ಬಾ. ಆ ಧಾರವಾಡದ ಹುಡುಗಿಯನ್ನೂ ಕರೆದುಕೊಂಡು ಹೋಗು, ಕರೆಸಿದವಳು ಅವಳಲ್ಲವೇ?”