ಏಳು ಸುತ್ತಿನ ಕೋಟೆಗೆ ಎರಡೇ ವರ್ಷದ ಲೆಕ್ಕ

ನಮ್ಮ ದಾವಣಗೆರೆ ಕಡೆ ಯಾವುದೋ ಕಾಲೇಜಲ್ಲಿ ಪ್ರಮೋಷನ್ ಕಮಿಟಿ ಕೂತೈತೆ ಅಂತ ಇಟ್ಕೊಳ್ರಿ. ಎದುರಿಗೆ ವಾಸ್ತುಶಿಲ್ಪ ಇತಿಹಾಸದ ಮೇಷ್ಟ್ರು. ಪಾಪ, ಹರಿಹರೇಶ್ವರ ದೇವಸ್ಥಾನದ ಕಂಬ ಕಂಬಕ್ಕೂ ಟೇಪ್ ಹಿಡಿದು, 1224ರಲ್ಲಿ ಪೊಲಾಳ್ವ ದಂಡನಾಯಕ ಕಟ್ಟಿಸಿದ್ದು ಎಷ್ಟು, ಆಮೇಲೆ ಸೇರಿದ್ದು ಎಷ್ಟು ಅಂತ ಬಿಡಿಸಿ ಬಿಡಿಸಿ ಬರೆದಿದಾರೆ. ಕಮಿಟಿಯೋರು ಲೇಖನ ಓದಲ್ಲ, ಓದೋಕೆ ಟೈಮೆಲ್ಲೈತೆ, ಅದು ಬಂದ ಸಂಶೋಧನಾ ಪತ್ರಿಕೆ, ಅಂದ್ರೆ ಜರ್ನಲ್ ಹೆಸರು ನೋಡಿ ಕೇಳೋದು ಒಂದೇ, 'ಇಂಪ್ಯಾಕ್ಟ್ ಫ್ಯಾಕ್ಟರ್ ಎಷ್ಟ್ರೀ?'

'ಸೊನ್ನೆ ಪಾಯಿಂಟ್ ಎರಡು ಸಾರ್.'

'ಅಯ್ಯ! ನಿಮ್ಮ ಪಕ್ಕದ ಬ್ಯಾಟರಿ ಮೇಲೆ ರಿಸರ್ಚ್ ಮಾಡೋರ್ದು ಹನ್ನೆರಡು!'

ಈ ಇಂಪ್ಯಾಕ್ಟ್ ಫ್ಯಾಕ್ಟರ್ ಲೆಕ್ಕ ಏನಪ್ಪಾ ಅಂದ್ರೆ, ಹಿಂದಿನ ಎರಡು ವರ್ಷ ಆ ಜರ್ನಲ್ಲಲ್ಲಿ ಬಂದ ಲೇಖನಗಳನ್ನ ಈ ವರ್ಷ ಎಷ್ಟು ಸಲ ಉಲ್ಲೇಖ ಮಾಡಿದ್ರು ಅಂತ ಎಣಿಸಿ, ಆ ಲೇಖನಗಳ ಸಂಖ್ಯೆಯಿಂದ ಭಾಗಿಸೋದು, ಅಷ್ಟೇ. ಯೂಜಿನ್ ಗಾರ್‌ಫೀಲ್ಡ್ ಅನ್ನೋರು ಇದನ್ನ ಮಾಡಿದ್ದು ತಮ್ಮ ಉಲ್ಲೇಖ ಸೂಚಿಗೆ ಯಾವ ವಿಜ್ಞಾನ ಜರ್ನಲ್ ಸೇರಿಸ್ಕೋಬೇಕು ಅಂತ ಆರಿಸೋಕೆ, ಮೇಷ್ಟ್ರ ಸಂಬಳ ಏರಿಸೋಕಲ್ಲ. ಕಲೆ, ಇತಿಹಾಸದ ಬಹುಪಾಲು ಜರ್ನಲ್‌ಗಳಿಗಂತೂ 2023ರವರೆಗೂ ಈ ನಂಬರ್ರೇ ಕೊಡ್ತಿರ್ಲಿಲ್ಲ, ಆ ಪುಣ್ಯಾನೂ ಈಗ ಮುಗೀತು. ಈ ಕಡೆ ಯುಜಿಸಿ 2025ರಲ್ಲಿ ತಾನು ಒಪ್ಪಿದ ಜರ್ನಲ್‌ಗಳ ಕೇರ್ ಲಿಸ್ಟನ್ನೇ ಕೈಬಿಡ್ತು, ಲಿಸ್ಟ್ ಹೋಯ್ತು, ನಂಬರ್ ಹುಚ್ಚು ಹಾಗೇ ಉಳೀತು.

ಕಂಬ ಅಳೆಯೋಕೆ ಪರ್ಮಿಷನ್ ಲೆಟರ್ ತಿರುಗಾಡಿ ಬರೋಷ್ಟರಲ್ಲೇ ಎರಡು ವರ್ಷ ಆಗಿರ್ತೈತೆ ಸ್ವಾಮಿ. ಇವರ ಲೇಖನ ಓದಿ ಇನ್ನೊಬ್ಬರು ಸಂತೆಬೆನ್ನೂರು ಪುಷ್ಕರಣಿಗೆ ಹೋಗಿ, ನೋಡಿ, ಒಪ್ಪದೆ ಜಗಳ ಆಡಿ ಬರೆಯೋಷ್ಟರಲ್ಲಿ ಮೀಟರ್ ಆಫ್! ಅದನ್ನೂ ಕನ್ನಡದ ಪುಸ್ತಕದಲ್ಲಿ ಬರೆದ್ರೋ, ಉಲ್ಲೇಖ ಎಣಿಸೋ ಆ ಮೆಷಿನ್ ಕಣ್ಣಿಗೆ ಹೆಚ್ಚುಕಮ್ಮಿ ಬೀಳೋದೇ ಇಲ್ಲ.

ಕಮಿಟಿ ದಯಾಳು, ಉಪಾಯಾನೂ ಹೇಳಿಕೊಡ್ತೈತೆ. 'ದುರ್ಗದ ಕೋಟೇಲಿ ಗೋಪಾಲಸ್ವಾಮಿ ಹೊಂಡದಿಂದ ಅಕ್ಕತಂಗಿ ಹೊಂಡ, ಅಲ್ಲಿಂದ ಸಿಹಿನೀರು ಹೊಂಡ, ಸಂತೆ ಹೊಂಡ ಅಂತ ಮಳೆನೀರು ಇಳೀತದಲ್ಲ, ಅದಕ್ಕೆ ಎಐ ಆಧಾರಿತ ಸ್ಮಾರ್ಟ್ ವಾಟರ್ ಅಂತ ಹೆಸರಿಡ್ರಿ, ಕ್ಯೂ ಒನ್, ಅಂದ್ರೆ ಮೇಲಿನ ಕಾಲು ಭಾಗದ ಜರ್ನಲ್ಲೇ ಸಿಗ್ತದೆ.' ಇನ್ನೊಬ್ರು ಕಿವೀಲಿ, 'ನಾಲ್ಕು ಜನ ಸೇರ್ಕೊಂಡು ಒಬ್ಬರದ್ದೊಬ್ಬರು ಉಲ್ಲೇಖ ಮಾಡ್ಕೊಳ್ರಿ, ಮದುವೆ ಮುಯ್ಯಿ ಇದ್ದಂಗೆ, ಬರೆದಿಟ್ಕೊಂಡು ವಾಪಸ್ ಮಾಡಿದ್ರಾಯ್ತು.' ಇದು ಮಾತ್ರ ನಗೋ ವಿಷಯ ಅಲ್ಲ, ಹಿಂಗೆ ಉಲ್ಲೇಖ ಉಬ್ಬಿಸಿ ಸಿಕ್ಕಿಬಿದ್ದ ಜರ್ನಲ್‌ಗಳ ನಂಬರನ್ನ ಅದನ್ನ ಕೊಡೋ ಕಂಪನಿನೇ ತಡೆಹಿಡಿದಿದ್ದೂ ಉಂಟು.

ಕಡೆಗೆ ಅಧ್ಯಕ್ಷರು ಕನ್ನಡಕ ಏರಿಸಿ ರೆಫರೆನ್ಸ್ ಪಟ್ಟಿ ನೋಡಿದ್ರು. 'ಎಲ್ಲಾ ಸರಿ ಮೇಷ್ಟ್ರೇ, ಈ ಚಂದ್ರವಳ್ಳಿ ಮಯೂರಶರ್ಮನ ಶಾಸನ ಅಂತ ಹಾಕಿದೀರಲ್ಲ, ತೀರಾ ಹಳೇದಾಯ್ತು, ಕಳೆದ ಐದು ವರ್ಷದೊಳಗಿಂದು ಯಾವುದಾದ್ರೂ ಇದ್ರೆ ಹಾಕ್ರಿ.'