ವೀಲಿಂಗ್‌ಗೆ ಶಿಕ್ಷೆ ಸಾಲದು ಅನ್ನುವವರು ಮೊದಲು ಸೆಕ್ಷನ್ ನೋಡಿ

ವೀಲಿಂಗ್ (ಬೈಕಿನ ಮುಂದಿನ ಚಕ್ರ ಎತ್ತಿ ಓಡಿಸುವುದು) ಮಾಡಿ ಸಿಕ್ಕಿಬಿದ್ದ ಹುಡುಗರು ಸಂಜೆಯೊಳಗೆ ಮನೆ ಸೇರುತ್ತಾರೆ ಎಂದು ಎಲ್ಲರಿಗೂ ಸಿಟ್ಟು. ಸಿಟ್ಟು ನ್ಯಾಯವೇ. ಆದರೆ ಅದಕ್ಕೆ "ಹತ್ತು ವರ್ಷ ಒಳಗೆ ಹಾಕಿ" ಎನ್ನುವುದು ಮದ್ದಲ್ಲ. ತೊಡಕು ಇರುವುದು ಶಿಕ್ಷೆಯ ವರ್ಷಗಳಲ್ಲಲ್ಲ. ಯಾವ ಸೆಕ್ಷನ್ ಹಾಕುತ್ತಾರೆ, ಅದಕ್ಕೆ ಯಾವ ಪುರಾವೆ ಇಡುತ್ತಾರೆ ಎನ್ನುವುದರಲ್ಲಿ.

1988ರ ಮೋಟಾರು ವಾಹನ ಕಾಯ್ದೆಯನ್ನು ಪುಟಪುಟ ತಿರುವಿದರೂ ವೀಲಿಂಗ್ ಎಂಬ ಅಪರಾಧ ಸಿಗುವುದಿಲ್ಲ. ಹಾಗಾಗಿ ಹತ್ತಿರದ್ದು ಯಾವುದೋ ಅದನ್ನು ಹಾಕುತ್ತಾರೆ. ಹಲವು ಸಲ ಅದು ಸೆಕ್ಷನ್ 189, ಅಂದರೆ ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ರೇಸ್ ಅಥವಾ ವೇಗದ ಪರೀಕ್ಷೆ. ಮೊದಲ ಸಲ 3 ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಒಬ್ಬನೇ ಮುಂದಿನ ಚಕ್ರ ಎತ್ತಿಕೊಂಡು ಹೋದರೆ ಅದು ರೇಸ್ ಹೇಗಾಗುತ್ತದೆ? ಆರೋಪಿಯ ವಕೀಲರು ಕೇಳುವ ಮೊದಲ ಪ್ರಶ್ನೆಯೇ ಅದು. ಜೊತೆಗೆ ಸೆಕ್ಷನ್ 200ರ ಪ್ರಕಾರ 189 ರಾಜಿಯಾಗಬಲ್ಲ ಅಪರಾಧ. ನಿಗದಿಯಾದ ಮೊತ್ತ ಕಟ್ಟಿದರೆ ಕೇಸು ಅಲ್ಲಿಗೇ ಮುಗಿಯುತ್ತದೆ.

ಹಾಕಬೇಕಾದದ್ದು ಸೆಕ್ಷನ್ 184, ಅಪಾಯಕಾರಿ ಚಾಲನೆ. 2019ರ ತಿದ್ದುಪಡಿಯ ನಂತರ ಇದಕ್ಕೆ ಮೊದಲ ಸಲ 6 ತಿಂಗಳಿಗೆ ಕಡಿಮೆಯಿಲ್ಲದ, 1 ವರ್ಷ ಮೀರದ ಜೈಲು, ಅಥವಾ 1,000ದಿಂದ 5,000 ರೂಪಾಯಿ ದಂಡ, ಅಥವಾ ಎರಡೂ. ಮೂರು ವರ್ಷದೊಳಗೆ ಮತ್ತೆ ಮಾಡಿದರೆ 2 ವರ್ಷದವರೆಗೆ ಜೈಲು, ಅಥವಾ 10,000 ರೂಪಾಯಿ, ಅಥವಾ ಎರಡೂ. ಸಿಗ್ನಲ್ ಹಾರುವುದು, ಎದುರು ದಿಕ್ಕಿನಲ್ಲಿ ಓಡಿಸುವುದು ಎಲ್ಲ ಈ ಸೆಕ್ಷನ್ನಿನ ವಿವರಣೆಯಲ್ಲಿವೆ. ಕೊನೆಯಲ್ಲೊಂದು ಮಾತಿದೆ: ಎಚ್ಚರವುಳ್ಳ ಸಮರ್ಥ ಚಾಲಕನಿಂದ ನಿರೀಕ್ಷಿಸುವ ಮಟ್ಟಕ್ಕಿಂತ ಬಹಳ ಕೆಳಗಿನ, ಅಪಾಯವೆಂದು ಅಂಥ ಚಾಲಕನಿಗೆ ಸ್ಪಷ್ಟವಾಗಿ ಗೊತ್ತಾಗುವ ಚಾಲನೆ. ಮುಂದಿನ ಚಕ್ರ ನೆಲ ಬಿಟ್ಟರೆ ಹ್ಯಾಂಡಲ್ ತಿರುಗಿಸಿ ಫಲವಿಲ್ಲ, ಮುಂದಿನ ಬ್ರೇಕ್ ಇದ್ದೂ ಇಲ್ಲ, ಹೆಡ್‌ಲೈಟ್ ಆಕಾಶ ನೋಡುತ್ತಿರುತ್ತದೆ. ಈ ವ್ಯಾಖ್ಯೆಗೆ ಇದಕ್ಕಿಂತ ಸರಿಹೊಂದುವ ಉದಾಹರಣೆ ಇನ್ನೇನು ಬೇಕು? ಮುಖ್ಯವಾದ ಮಾತೆಂದರೆ, ಮೊಬೈಲ್ ಹಿಡಿದು ಓಡಿಸಿದ್ದನ್ನು ಬಿಟ್ಟರೆ 184ರಲ್ಲಿ ರಾಜಿಗೆ ಅವಕಾಶವಿಲ್ಲ. ಆರೋಪಿ ಕೋರ್ಟಿನ ಮೆಟ್ಟಿಲು ಹತ್ತಲೇಬೇಕು.

ಇದರ ಜೊತೆಗೆ ಭಾರತೀಯ ನ್ಯಾಯ ಸಂಹಿತೆಯ 281 ಹಾಕುತ್ತಾರೆ, ಹಳೆಯ ಐಪಿಸಿ 279. ಶಿಕ್ಷೆ 6 ತಿಂಗಳವರೆಗೆ ಜೈಲು ಅಥವಾ 1,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಕಾನೂನು ಹೊಸದಾದರೂ ದಂಡದ ಮೊತ್ತ ಕದಲಲಿಲ್ಲ. ಇಲ್ಲಿ ಕೇಸು ಬಿದ್ದುಹೋಗುವ ಜಾಗ ಒಂದಿದೆ. ಚಾಲನೆ ಮನುಷ್ಯರ ಜೀವಕ್ಕೆ ಅಪಾಯ ತರುವಂತಿತ್ತು ಅಥವಾ ಬೇರೆಯವರಿಗೆ ಗಾಯವಾಗುವ ಸಂಭವವಿತ್ತು ಎಂದು ತೋರಿಸಬೇಕು. ಮಹಜರಿನಲ್ಲಿ "ಅತಿವೇಗ ಮತ್ತು ಅಜಾಗರೂಕತೆಯಿಂದ" ಎಂಬ ಸಿದ್ಧವಾಕ್ಯ ಬರೆದು ಕೈತೊಳೆದುಕೊಂಡರೆ ಇದು ಸಾಬೀತಾಗುವುದಿಲ್ಲ. ಆ ಹೊತ್ತಿಗೆ ರಸ್ತೆಯಲ್ಲಿ ಯಾವ ವಾಹನಗಳಿದ್ದವು, ಪಾದಚಾರಿಗಳು ಎಷ್ಟು ದೂರದಲ್ಲಿದ್ದರು, ಹಿಂಬದಿ ಸವಾರನಿದ್ದನೇ (ಅವನೂ 'ಬೇರೆಯವರು' ಎಂಬ ಲೆಕ್ಕಕ್ಕೆ ಬರುತ್ತಾನೆ), ಚಕ್ರ ಎತ್ತಿಕೊಂಡು ಎಷ್ಟು ಮೀಟರ್ ಓಡಿಸಿದ, ಇವೆಲ್ಲ ಬರೆದಿರಬೇಕು.

ಬೈಕನ್ನೂ ಸರಿಯಾಗಿ ನೋಡಬೇಕು. ಸ್ಟಂಟ್‌ಗೆ ಸಿದ್ಧ ಮಾಡಿದ ಗಾಡಿ ತಾನಾಗಿಯೇ ಸಾಕ್ಷಿ ಹೇಳುತ್ತದೆ. ಚಕ್ರ ಸುಲಭವಾಗಿ ಏಳಲೆಂದು ಹಿಂದೆ ಹೆಚ್ಚು ಹಲ್ಲಿನ ಸ್ಪ್ರಾಕೆಟ್ (ಚೈನು ಓಡುವ ಹಲ್ಲುಚಕ್ರ), ಬೈಕ್ ನೆಟ್ಟಗೆ ನಿಂತಾಗ ನೆಲಕ್ಕೆ ಒರಗಲು ಹಿಂಬದಿಯಲ್ಲಿ ಕಬ್ಬಿಣದ ಬಾರ್, ಎಂಜಿನ್ ಸುತ್ತ ಕೇಜ್, ಕಿತ್ತ ಕನ್ನಡಿ, ಮಡಚಿದ ನಂಬರ್ ಪ್ಲೇಟ್. "ಸರ್, ಗುಂಡಿಗೆ ಬಿದ್ದು ಎದ್ದುಬಿಡ್ತು" ಎಂಬ ಸಬೂಬು ಆಮೇಲೆ ನಿಲ್ಲುವುದಿಲ್ಲ. ಮಾಲೀಕ ಮಾಡಿಸಿದ ಅಕ್ರಮ ಬದಲಾವಣೆಗೆ ಮೋಟಾರು ವಾಹನ ಕಾಯ್ದೆಯ 182ಎ(4) ಪ್ರತ್ಯೇಕವಾಗಿದೆ: ಒಂದೊಂದು ಬದಲಾವಣೆಗೆ 5,000 ರೂಪಾಯಿ, ಅಥವಾ 6 ತಿಂಗಳವರೆಗೆ ಜೈಲು, ಅಥವಾ ಎರಡೂ.

ರೀಲ್ಸ್ ಒಂದನ್ನೇ ನಂಬಿದ ಕೇಸು ಇನ್ನೂ ಸೂಕ್ಷ್ಮ. ಡೌನ್‌ಲೋಡ್ ಮಾಡಿ ಪೆನ್‌ಡ್ರೈವ್‌ಗೆ ಹಾಕಿ ಕೊಟ್ಟರೆ ಸಾಲದು. ಭಾರತೀಯ ಸಾಕ್ಷ್ಯ ಅಧಿನಿಯಮದ 63(4)ರ ಪ್ರಮಾಣಪತ್ರ, ಹ್ಯಾಶ್ ಮೌಲ್ಯದ (ವಿಡಿಯೊ ಬದಲಾಗಿಲ್ಲ ಎಂದು ತೋರಿಸುವ ಗುರುತುಸಂಖ್ಯೆ) ಸಮೇತ, ಇರಲೇಬೇಕು. ಹೆಲ್ಮೆಟ್ ಹಾಕಿದ ಮುಖ ಯಾರದ್ದು ಎಂಬ ಪ್ರಶ್ನೆ ಬಂದಾಗ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 133 ಕೈಹಿಡಿಯುತ್ತದೆ. ಗಾಡಿ ಯಾರ ಕೈಯಲ್ಲಿತ್ತು ಎಂದು ಪೊಲೀಸರು ಕೇಳಿದರೆ ಮಾಲೀಕ ಹೇಳಲೇಬೇಕು.

ಇನ್ನು ಜಾಮೀನು. ಮೇಲಿನವೆಲ್ಲ ಜಾಮೀನು ಸಿಗುವ ಅಪರಾಧಗಳು. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದಾಗಿನ ನ್ಯಾಯ ಸಂಹಿತೆಯ 106(1) ಕೂಡ, ಶಿಕ್ಷೆ 5 ವರ್ಷದವರೆಗಿದ್ದರೂ, ಜಾಮೀನು ಸಿಗುವಂಥದ್ದೇ. ಸ್ಟಂಟ್ ಪ್ರಕರಣವೊಂದರಲ್ಲಿ ಕರ್ನಾಟಕ ಹೈಕೋರ್ಟ್ 2025ರಲ್ಲಿ ಇರುವ ಕಾನೂನು ಸಾಲದು ಎಂದದ್ದು ಇದೇ ಕಾರಣಕ್ಕೆ. ಹಾಗೆಂದು ಎಲ್ಲರ ಮೇಲೂ ಕೊಲೆಯತ್ನ ಹಾಕಿ ಎನ್ನುವುದು ಶುದ್ಧ ದಡ್ಡತನ. ಕೊಲ್ಲುವ ಉದ್ದೇಶ ಎಲ್ಲಿಂದ ತೋರಿಸುತ್ತೀರಿ? ಜನಜಂಗುಳಿಯ ನಡುವೆ, ಸಾಯಬಹುದು ಎಂದು ಗೊತ್ತಿದ್ದೂ ಮಾಡಿದ ಎನ್ನಲು ಪುರಾವೆಯಿದ್ದರೆ ನ್ಯಾಯ ಸಂಹಿತೆಯ 110 (ಕೊಲೆಯಲ್ಲದ ನರಹತ್ಯೆಯ ಯತ್ನ) ಇದೆ, ಸಾವಾದರೆ 105 (ಕೊಲೆಯಲ್ಲದ ನರಹತ್ಯೆ) ಇದೆ. ಮುಂಬೈನಲ್ಲಿ ಪಾದಚಾರಿ ಮಾರ್ಗದ ಮೇಲೆ ಮಲಗಿದ್ದವರ ಮೇಲೆ ಕಾರು ಹರಿದು 7 ಜನ ಸತ್ತ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2012ರಲ್ಲಿ, ಹಳೆಯ ಐಪಿಸಿ 304 ಭಾಗ 2ರಡಿ ಇಂಥ ಅರಿವನ್ನೇ ಎತ್ತಿಹಿಡಿದದ್ದು. ಅಲ್ಲಿಯೂ ತೀರ್ಪು ನಿಂತದ್ದು ಪುರಾವೆಯ ಮೇಲೆ.

ನಿಜವಾದ ಬಿಸಿ ಮುಟ್ಟುವುದು ಲೈಸೆನ್ಸಿನಲ್ಲಿ. 184 ಅಥವಾ 189ರ ಅಪರಾಧ ಎಂದು ನಂಬಲು ಕಾರಣವಿದ್ದರೆ ಪೊಲೀಸರು ಡಿಎಲ್ ವಶಪಡಿಸಿಕೊಂಡು ಆರ್‌ಟಿಒಗೆ ಕಳುಹಿಸಬೇಕು ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 206(4). ಅಲ್ಲಿಂದ ಸೆಕ್ಷನ್ 19ರ ಅಮಾನತು ಅಥವಾ ರದ್ದು. ಇದಕ್ಕೆ ಕೋರ್ಟಿನ ತೀರ್ಪಿಗಾಗಿ ವರ್ಷಗಟ್ಟಲೆ ಕಾಯಬೇಕಿಲ್ಲ. ಅಪ್ರಾಪ್ತನಾದರೆ 199ಎ ಪ್ರಕಾರ ಪೋಷಕ ಅಥವಾ ಮಾಲೀಕನಿಗೆ 3 ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ, ಗಾಡಿಯ ನೋಂದಣಿ 12 ತಿಂಗಳು ರದ್ದು, ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ತನಗೆ ಗೊತ್ತೇ ಇರಲಿಲ್ಲ ಎಂದು ಸಾಬೀತು ಮಾಡುವ ಹೊರೆ ಪೋಷಕನದ್ದೇ.

ಹೊಸ ಕಾನೂನು ಬರೆಯುವುದಾದರೆ ಕೆನಡಾದ ಒಂಟಾರಿಯೊ ನೋಡಲಿ. ಅಲ್ಲಿನ ನಿಯಮ ಸ್ಟಂಟ್ ಎಂದರೆ ಏನು ಎಂದು ಬಿಡಿಬಿಡಿಯಾಗಿ ಹೇಳುತ್ತದೆ: ಬೇಕೆಂದೇ ಚಕ್ರ ನೆಲದಿಂದ ಎತ್ತುವುದು, ತಿರುವಿನಲ್ಲಿ ಬೇಕೆಂದೇ ಟೈರು ಜಾರಿಸುವುದು, ಕಾರಿನ ಹಿಂಬದಿಯ ಡಿಕ್ಕಿಯಲ್ಲಿ ಜನರನ್ನು ಕೂರಿಸುವುದು. ಸಿಕ್ಕ ಜಾಗದಲ್ಲೇ ಲೈಸೆನ್ಸ್ 30 ದಿನ ಅಮಾನತು, ಗಾಡಿ 14 ದಿನ ಜಪ್ತಿ. ನಮ್ಮಲ್ಲಿ ಸೆಕ್ಷನ್ 207ರಡಿ ಗಾಡಿ ಹಿಡಿದಿಡಲು ಲೈಸೆನ್ಸ್, ನೋಂದಣಿ, ಪರ್ಮಿಟ್ ಇಂಥದ್ದರ ದೋಷ ಬೇಕು. ಸ್ಟಂಟ್ ಆ ಪಟ್ಟಿಯಲ್ಲೇ ಇಲ್ಲ. ಜೈಲಿನ ವರ್ಷ ಏರಿಸುವ ಮೊದಲು 184ರ ವಿವರಣೆಗೆ ಇಂಥದ್ದೊಂದು ವ್ಯಾಖ್ಯೆ, 207ಕ್ಕೆ ದಿನ ನಿಗದಿಯಾದ ಜಪ್ತಿ, ಇವೆರಡನ್ನು ಸೇರಿಸಲಿ.