ಎಡನೀರಿನ ತೀರ್ಪು ಮತ್ತು ಕವರ್ ಸಾಂಗಿನ ಮೂಲ ಸ್ವರೂಪ

ಕಾಸರಗೋಡು ಸೀಮೆಯಲ್ಲಿ ಈಚೆಗೆ ಪುಸ್ತಕ ಬಿಡುಗಡೆಗಿಂತಲೂ ಗಂಭೀರವಾಗಿ ನಡೆಯುವ ಸಾಂಸ್ಕೃತಿಕ ಕಾರ್ಯಕ್ರಮವೊಂದಿದ್ದರೆ ಅದು ಕವರ್ ಸಾಂಗ್ ಬಿಡುಗಡೆ. ಯಾರೋ ಬರೆದು, ಇನ್ಯಾರೋ ರಾಗ ಸಂಯೋಜಿಸಿ, ಮತ್ಯಾರೋ ಹಾಡಿ, ಎರಡು ತಲೆಮಾರಿನ ಜನ ಬಾಯಿಪಾಠ ಮಾಡಿಕೊಂಡಿರುವ ಹಾಡನ್ನು ಇನ್ನೊಮ್ಮೆ ಹಾಡಿದ ಸಾಹಸಕ್ಕಾಗಿ ಸಭಾಂಗಣ ಗೊತ್ತುಮಾಡಿ, ದೀಪ ಬೆಳಗಿಸಿ, ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ಮಾತುಗಳನ್ನು ಕ್ರಮವಾಗಿ ಮುಗಿಸಿ, ಪಂಚಾಯತು ಅಧ್ಯಕ್ಷರಿಂದ ಹಿಡಿದು ವಾರ್ಡ್ ಮೆಂಬರರವರೆಗೆ ವೇದಿಕೆಯಲ್ಲಿದ್ದವರಿಗೆಲ್ಲ ಶಾಲು ಹೊದಿಸಿ, ಸ್ಮರಣಿಕೆ ಕೊಟ್ಟು, ಎರಡೂವರೆ ಗಂಟೆಯ ಬಳಿಕ ನಾಲ್ಕು ನಿಮಿಷದ ವೀಡಿಯೋವನ್ನು ತೋರಿಸಲಾಗುತ್ತದೆ. ಅದಕ್ಕೂ ಮೊದಲು ಪೋಸ್ಟರ್ ಬಿಡುಗಡೆಗೆಂದು ಒಂದು ಸಭೆ, ಟೀಸರ್ ಬಿಡುಗಡೆಗೆಂದು ಮತ್ತೊಂದು ಸಭೆ ಆಗಿಹೋಗಿರುತ್ತವೆ. ಹಾಡೊಂದನ್ನು ಹೊಸದಾಗಿ ಬರೆದು, ಹೊಸದಾಗಿ ರಾಗ ಹಾಕಿ ತಂದವನಿಗೆ ಇಂಥ ಮರ್ಯಾದೆ ಸಿಕ್ಕ ಉದಾಹರಣೆ ನನಗೆ ನೆನಪಾಗುವುದಿಲ್ಲ. ಅಂಥವನಿಗೆ ಭಜನೆಯ ಕೊನೆಯಲ್ಲಿ, ಮಂಗಳಾರತಿಗೆ ಮೊದಲು, ಸಮಯ ಉಳಿದರೆ ಮಾತ್ರ ಎರಡು ನಿಮಿಷ ಕೊಡುವುದು ರೂಢಿ.

ವೀಡಿಯೋ ಶುರುವಾಗುವ ಮೊದಲು ಪರದೆಯ ಮೇಲೆ ಬರುವ ಹೆಸರುಗಳ ಪಟ್ಟಿಯನ್ನು ಶ್ರದ್ಧೆಯಿಂದ ಓದಬೇಕು. ಡ್ರೋನ್ ಹಾರಿಸಿದವರು, ಡ್ರೋನಿನ ಬ್ಯಾಟರಿ ಹಿಡಿದು ನಿಂತವರು, ಉಡುಪು ಒದಗಿಸಿದ ಜವಳಿ ಅಂಗಡಿಯವರು, ಮಧ್ಯಾಹ್ನದ ಊಟ ಕೊಟ್ಟವರು, ಗದ್ದೆಯ ಬದುವಿನಲ್ಲಿ ನಡೆಯಲು ಅನುಮತಿ ಕೊಟ್ಟವರು, ಎಲ್ಲರ ಹೆಸರೂ ಅಲ್ಲಿರುತ್ತದೆ. ಬರೆದ ಕವಿಯ ಹೆಸರು, ರಾಗ ಹಾಕಿದವರ ಹೆಸರು ಮಾತ್ರ ಇರುವುದಿಲ್ಲ. ಇಂಥದೇ ಒಂದು ಸಭೆಯಲ್ಲಿ ಮುಂದಿನ ಸಾಲಿನಲ್ಲಿದ್ದ ನಿವೃತ್ತ ಮಾಷ್ಟ್ರೊಬ್ಬರು ಗಾಯಕನನ್ನು ಹತ್ತಿರ ಕರೆದು, “ಈ ಪದ್ಯ ಬರೆದದ್ದು ಯಾರು ಮಗಾ?” ಎಂದು ಕೇಳಿದರು. “ಅದು ನೆಟ್ಟಿನಲ್ಲಿ ಸಿಕ್ಕಿದ್ದು ಮಾಷ್ಟ್ರೇ” ಎಂದು ಅವನು ಬಹಳ ವಿನಯದಿಂದ ಉತ್ತರಿಸಿದ. ಅವನ ವಿನಯದ ಬಗ್ಗೆ ನನ್ನ ತಕರಾರಿಲ್ಲ.

ಈ ಕಲಾಪ್ರಕಾರದ ಲಕ್ಷಣಗ್ರಂಥವನ್ನು ಇನ್ನೂ ಯಾರೂ ಬರೆದಿಲ್ಲವಾದರೂ ಅದರ ಸೂತ್ರಗಳು ತಲಪಾಡಿಯಿಂದ ತೃಕ್ಕರಿಪುರದವರೆಗೆ ಒಂದೇ ಆಗಿವೆ. ಮೂಲ ಹಾಡಿನ ವೇಗವನ್ನು ಅರ್ಧಕ್ಕಿಳಿಸಿದರೆ ಭಾವ ಇಮ್ಮಡಿಯಾಗುತ್ತದೆ ಎಂಬುದು ಮೊದಲನೆಯ ನಂಬಿಕೆ. ತಬಲವನ್ನು ತೆಗೆದು ಆ ಜಾಗದಲ್ಲಿ ಕಾಹೋನ್ ಎಂಬ ಮರದ ಪೆಟ್ಟಿಗೆಯ ಮೇಲೆ ಒಬ್ಬನನ್ನು ಕೂರಿಸಿದರೆ ಹಾಡು ಆಧುನಿಕವಾಗುತ್ತದೆ. ಎರಡನೆಯ ಚರಣದಲ್ಲಿ ಕವಿ ಹೇಳಬೇಕಾದ ಮುಖ್ಯ ಮಾತನ್ನು ಹೇಳಿರುವುದರಿಂದ, ಮತ್ತು ಅದನ್ನು ಕಲಿಯಲು ಇನ್ನೊಂದು ದಿನ ಬೇಕಾಗುವುದರಿಂದ, ಆ ಚರಣವನ್ನು ಬಿಟ್ಟು ಅಷ್ಟು ಹೊತ್ತು ‘ಹೂಂ ಹೂಂ’ ಎಂದು ಹಮ್ಮಿಂಗ್ ಮಾಡುವುದು ವಾಡಿಕೆ. ಮಳೆಯ ಹಾಡಾಗಿದ್ದರೂ, ತೊಟ್ಟಿಲ ಹಾಡಾಗಿದ್ದರೂ, ರೈತನ ಹಾಡಾಗಿದ್ದರೂ ಗಾಯಕನು ಕಣ್ಣು ಮುಚ್ಚಿ, ಹುಬ್ಬು ಗಂಟಿಕ್ಕಿ, ಹೆಡ್‌ಫೋನಿನ ಒಂದು ಬದಿಯನ್ನು ಕಿವಿಗೆ ಒತ್ತಿಕೊಂಡು ನೋವನ್ನು ಅನುಭವಿಸಲೇಬೇಕು. ಮೂಲದಲ್ಲಿ ನಗುತ್ತಿದ್ದ ಹಾಡುಗಳು ಹೀಗೆ ಒಂದೊಂದಾಗಿ ಅಳತೊಡಗಿವೆ. ಇದರ ಒಟ್ಟು ಹೆಸರು ಮರುಸೃಷ್ಟಿ.

ಚಿತ್ರೀಕರಣಕ್ಕೆ ಬೇಕಲ ಕೋಟೆಯೇ ಆಗಬೇಕು. 1995ರ ‘ಬಾಂಬೆ’ ಚಿತ್ರದ ಹಾಡೊಂದರಲ್ಲಿ ಮಣಿರತ್ನಂ ಅವರು ಈ ಕೋಟೆಯನ್ನೂ, ಅದರ ಬುಡದಲ್ಲಿ ಒಡೆಯುವ ಅಲೆಗಳನ್ನೂ ತೋರಿಸಿದ ಮೇಲೆ, ಕೆಳದಿಯ ಶಿವಪ್ಪ ನಾಯಕನ ಕಾಲದ್ದೆನ್ನಲಾಗುವ ಈ ಕಟ್ಟಡವನ್ನು ವಿರಹಕ್ಕಾಗಿಯೇ ಕಟ್ಟಿಸಿದ್ದೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಮದುವೆಗೆ ಮುಂಚಿನ ಫೋಟೋ ಶೂಟಿನ ಜೋಡಿಗಳು ಒಂದು ಕೊತ್ತಳದಲ್ಲಿ, ಕವರ್ ಸಾಂಗಿನ ತಂಡ ಇನ್ನೊಂದು ಕೊತ್ತಳದಲ್ಲಿ, ಇವರಿಬ್ಬರ ಚೌಕಟ್ಟಿನೊಳಗೂ ನುಗ್ಗುವ ಶಾಲಾ ಪ್ರವಾಸದ ಮಕ್ಕಳು ನಡುವೆ, ಹೀಗೆ ಕೋಟೆಗೆ ಅದರ ಸೈನಿಕ ವೈಭವದ ದಿನಗಳಲ್ಲಿಯೂ ಇಷ್ಟು ಆಕ್ರಮಣವಾಗಿತ್ತೋ ಇಲ್ಲವೋ. ಗದ್ದೆ, ತೋಡು, ಅಡಿಕೆ ತೋಟಗಳ ಮೇಲೆ ಬರೆದ ಕನ್ನಡ ಭಾವಗೀತೆಗೂ ಕಡಲೇ ಹಿನ್ನೆಲೆ. ಹಾಡಿನ ಸಾಲಿನಲ್ಲಿ ಬರುವ ತೆನೆಯನ್ನು ಪ್ರೇಕ್ಷಕರು ಅಲೆಗಳಲ್ಲಿ ಊಹಿಸಿಕೊಳ್ಳತಕ್ಕದ್ದು.

ಇದರ ಮುಂದಿನ ಹಂತ ಮ್ಯಾಶಪ್. ನಮ್ಮದು ಸಪ್ತಭಾಷಾ ಸಂಗಮ ಭೂಮಿ ಎಂದು ನಾವು ಪ್ರತಿ ಭಾಷಣದಲ್ಲಿಯೂ ಹೇಳಿಕೊಳ್ಳುತ್ತಲೇ ಬಂದಿದ್ದೆವು, ಆದರೆ ಆ ಮಾತನ್ನು ಯಾರಾದರೂ ಅಕ್ಷರಶಃ ಜಾರಿಗೆ ತರುತ್ತಾರೆಂದು ಭಾವಿಸಿರಲಿಲ್ಲ. ಕನ್ನಡದ ಪಲ್ಲವಿ, ಮಲಯಾಳದ ಅನುಪಲ್ಲವಿ, ತುಳುವಿನ ಚರಣ, ನಡುನಡುವೆ ಹಿಂದಿ, ಕೊನೆಗೆ ಎಲ್ಲರೂ ಸೇರಿ ಒಂದು ತಮಿಳು ಸಾಲು. ಇವನ್ನೆಲ್ಲ ಒಂದೇ ಶ್ರುತಿಗೆ ಎಳೆದು ತಂದ ಕೀಬೋರ್ಡಿನವನನ್ನು ಭಾಷಾ ಸೌಹಾರ್ದದ ಹರಿಕಾರನೆಂದು ಸನ್ಮಾನಿಸಲಾಗುತ್ತದೆ. ರಾಜ್ಯಗಳ ಪುನರ್ವಿಂಗಡಣೆಯ ಕಾಲದಿಂದ, ಅಂದರೆ 1956ರಿಂದ, ಕರ್ನಾಟಕಕ್ಕೆ ಸೇರುವ ದಿನದ, ಆಮೇಲೆ ಗಡಿ ವಿವಾದದ ಮೇಲಿನ ಮಹಾಜನ ವರದಿಯ ಜಾರಿಯ ಹಾದಿ ಕಾಯುತ್ತ ಕುಳಿತವರು ಬಗೆಹರಿಸಲಾಗದ ಸಮಸ್ಯೆಯೊಂದನ್ನು ಈ ಹುಡುಗರು ಮೂರು ನಿಮಿಷ ನಲವತ್ತು ಸೆಕೆಂಡಿನಲ್ಲಿ ಬಗೆಹರಿಸಿಬಿಟ್ಟಿದ್ದಾರೆ. ಯಾವ ಭಾಷೆಯವರಿಗೂ ಏನೂ ಅರ್ಥವಾಗದಿರುವುದರಿಂದ ಯಾರಿಗೂ ಅನ್ಯಾಯವಾಗಿಲ್ಲ.

ಇಷ್ಟೆಲ್ಲ ನಡೆಯುವಾಗ ಕಾನೂನು ಏನು ಮಾಡುತ್ತಿದೆ ಎಂದು ಕೇಳುವವರಿಗಾಗಿ: ಕಾನೂನು ಇದೆ, ಮತ್ತು ಅದು ತನ್ನದೇ ಆದ ರೀತಿಯಲ್ಲಿ ಕವರ್ ಸಾಂಗಿಗಿಂತ ಹೆಚ್ಚು ಮನರಂಜಕವಾಗಿದೆ. 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿಸಿದ 31ಸಿ ಕಲಮಿನ ಪ್ರಕಾರ, ಹಾಡಿನ ಮೊದಲ ಧ್ವನಿಮುದ್ರಣವಾದ ವರ್ಷ ಮುಗಿದ ಮೇಲೆ ಐದು ಕ್ಯಾಲೆಂಡರ್ ವರ್ಷ ಕಳೆಯದೆ ಅದರ ಕವರ್ ಮಾಡಿ ಮಾರುವಂತಿಲ್ಲ. ಅದರ ಹೊದಿಕೆಯ ಮೇಲೆ ಇದು ಕವರ್ ಎಂದು ಸ್ಪಷ್ಟವಾಗಿ ಬರೆಯಬೇಕು, ಮೂಲ ಗಾಯಕರ ಹೆಸರನ್ನೋ ಚಿತ್ರವನ್ನೋ ಹಾಕಿ ಜನರನ್ನು ದಾರಿತಪ್ಪಿಸಬಾರದು, ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ಗೌರವಧನವನ್ನು ಮುಂಗಡವಾಗಿ ಕಟ್ಟಬೇಕು. ಎಲ್ಲಕ್ಕಿಂತ ಮಿಗಿಲಾಗಿ, ತಾಂತ್ರಿಕವಾಗಿ ಅಗತ್ಯವಾದುದನ್ನು ಬಿಟ್ಟರೆ ಮೂಲ ಕೃತಿಯಲ್ಲಿ ಒಡೆಯರ ಒಪ್ಪಿಗೆಯಿಲ್ಲದೆ ಯಾವ ಬದಲಾವಣೆಯನ್ನೂ ಮಾಡುವಂತಿಲ್ಲ. ಕ್ಯಾಸೆಟ್ಟುಗಳ ಕಾಲದಲ್ಲಿ ಹಳೆಯ ಚಿತ್ರಗೀತೆಗಳನ್ನು ಬೇರೆ ಕಂಠದಲ್ಲಿ ಹಾಡಿಸಿ ಅಗ್ಗದ ಬೆಲೆಗೆ ರಾಶಿ ಹಾಕಿ ಮಾರಿದ ಚರಿತ್ರೆಯನ್ನು ಬಲ್ಲವರಿಗೆ ಈ ಷರತ್ತುಗಳು ಎಲ್ಲಿಂದ ಬಂದವೆಂದು ಬೇರೆ ಹೇಳಬೇಕಾಗಿಲ್ಲ.

ಆದರೆ ನಮ್ಮ ತಂಡಗಳು ಐದು ವರ್ಷದ ಮಾತಿರಲಿ, ಐದು ಗಂಟೆಯನ್ನೂ ಕಾಯುವುದಿಲ್ಲ. ಬೆಳಿಗ್ಗೆ ಚಿತ್ರದ ಹಾಡು ಬಂದರೆ ಸಂಜೆಗೆ ಅದರ ಅನ್‌ಪ್ಲಗ್ಡ್ ಬರುತ್ತದೆ, ಮರುದಿನ ಆ ಅನ್‌ಪ್ಲಗ್ಡಿನ ಕವರ್ ಬರುತ್ತದೆ. 50,000 ಪ್ರತಿಗಳ ಲೆಕ್ಕವನ್ನು ಅವರಿಗೆ ವಿವರಿಸಿದರೆ, ಅಷ್ಟು ವ್ಯೂಸ್ ಸಿಗುತ್ತದೆಯೇ ಎಂದು ಸಂತೋಷದಿಂದ ಕೇಳುತ್ತಾರೆ. ಇನ್ನು ಮದುವೆ ದಿಬ್ಬಣದಲ್ಲಿ ಹಾಡುವವರಂತೂ ಪೂರ್ಣ ಸುರಕ್ಷಿತರು, ಏಕೆಂದರೆ ಧಾರ್ಮಿಕ ಸಮಾರಂಭಗಳಿಗೆ ಕೊಟ್ಟ ವಿನಾಯಿತಿಯಲ್ಲಿ ಮದುವೆಯ ಮೆರವಣಿಗೆಯೂ ಸೇರಿದೆಯೆಂದು ಅದೇ ಕಾಯ್ದೆಯ 52ನೆಯ ಕಲಮು ವಿವರಿಸುತ್ತದೆ. ಭಾರತದಲ್ಲಿ ಹಾಡೊಂದನ್ನು ಏನು ಬೇಕಾದರೂ ಮಾಡಬಹುದಾದ ಸ್ಥಳವೆಂದರೆ ಮದುವೆ ಮನೆ, ಮತ್ತು ಆ ಅವಕಾಶವನ್ನು ನಾವು ಎಂದೂ ವ್ಯರ್ಥಮಾಡಿದವರಲ್ಲ.

ಪ್ರಾಮಾಣಿಕ ವಿಮರ್ಶಕನೆಂದು ಉಳಿದಿರುವುದು ಯೂಟ್ಯೂಬಿನ ಯಂತ್ರವೊಂದೇ. ಅಪ್‌ಲೋಡ್ ಮಾಡಿದ ಹಾಡಿನ ಧಾಟಿಯನ್ನು ಅದು ತನ್ನ ಉಗ್ರಾಣದಲ್ಲಿರುವ ಹಾಡುಗಳೊಂದಿಗೆ ಹೋಲಿಸಿ ನೋಡಿ, ಹೊಂದಿಕೆಯಾದರೆ ಒಡೆಯರಿಗೆ ಸುದ್ದಿ ಮುಟ್ಟಿಸುತ್ತದೆ, ಜಾಹೀರಾತಿನ ಹಣವನ್ನು ಅವರ ಕಡೆಗೆ ತಿರುಗಿಸಲೂ ಅವಕಾಶ ಕೊಡುತ್ತದೆ. ಮನುಷ್ಯರಾದ ನಮ್ಮಂತೆ ಅದಕ್ಕೆ ದಾಕ್ಷಿಣ್ಯವಿಲ್ಲ, ಶಾಲು ಹೊದಿಸಿಕೊಂಡ ಋಣವಿಲ್ಲ. ಯಂತ್ರ ಹಾಡನ್ನು ಗುರುತಿಸಿದರೆ ಗಾಯಕನಿಗೆ ನಷ್ಟ. ಗುರುತಿಸದೆ ಹೋದರೆ ಮಾನಹಾನಿ ಎಂದು ನೀವು ತಿಳಿದಿರಬಹುದು, ಆದರೆ ಹಾಗೆ ಗುರುತು ಸಿಗದ ಹಾಡಿನ ತಂಡವೊಂದು, ನಮ್ಮ ಪ್ರಯೋಗ ಅಷ್ಟು ಮೌಲಿಕವಾಗಿತ್ತು ಎಂದು ಮತ್ತೊಂದು ಸಭೆ ಕರೆದದ್ದನ್ನು ನಾನು ಬಲ್ಲೆ.

ಧಾಟಿಯ ವಿಷಯದಲ್ಲಿ ಗಡಿಯಾಚೆಯ ಕರ್ನಾಟಕ ಸರಕಾರವೇ ಹೈರಾಣಾಗಿರುವಾಗ ಇವರನ್ನು ಮಾತ್ರ ದೂರುವುದು ಸರಿಯಲ್ಲ. ಕುವೆಂಪು ಅವರ ಕವಿತೆಯನ್ನು 2004ರಲ್ಲಿ ನಾಡಗೀತೆಯೆಂದು ಘೋಷಿಸಿದ ಮೇಲೆ, ಅದನ್ನು ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ ಹಾಡಬೇಕೋ ಸಿ. ಅಶ್ವತ್ಥ್ ಅವರ ಧಾಟಿಯಲ್ಲಿ ಹಾಡಬೇಕೋ ಎಂಬ ಚರ್ಚೆ ವರ್ಷಗಟ್ಟಲೆ ನಡೆಯಿತು. ಕೊನೆಗೆ 2022ರಲ್ಲಿ, ಅನಂತಸ್ವಾಮಿಯವರ ಧಾಟಿಯಲ್ಲಿ, ಆಲಾಪವಾಗಲಿ ಪುನರಾವರ್ತನೆಯಾಗಲಿ ಇಲ್ಲದೆ, 2 ನಿಮಿಷ 30 ಸೆಕೆಂಡಿನಲ್ಲಿ ಮುಗಿಸತಕ್ಕದ್ದೆಂದು ಆದೇಶವಾಯಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಹೈಕೋರ್ಟು 2024ರಲ್ಲಿ ವಜಾ ಮಾಡಿತು. ಈ ಆದೇಶ ತಲಪಾಡಿಯ ಗೇಟಿನವರೆಗೆ ಮಾತ್ರ. ಗೇಟು ದಾಟಿ ಈಚೆಗೆ ಬಂದರೆ ಕುಂಬಳೆ, ಬದಿಯಡ್ಕ, ಮುಳ್ಳೇರಿಯಾಗಳ ಕನ್ನಡ ಸಂಘಗಳಲ್ಲಿ ನಾಡಗೀತೆಯನ್ನು ಯಾವ ಧಾಟಿಯಲ್ಲಿ ಎಷ್ಟು ಹೊತ್ತು ಬೇಕಾದರೂ ಹಾಡುವ ಸ್ವಾತಂತ್ರ್ಯ ನಮಗಿದೆ, ಏಕೆಂದರೆ ಕೇರಳ ಸರಕಾರಕ್ಕೆ ಈ ಬಗ್ಗೆ ಯಾವ ಅಭಿಪ್ರಾಯವೂ ಇಲ್ಲ. ಗಡಿನಾಡ ಕನ್ನಡಿಗರಿಗೆ ಏನು ಸಿಕ್ಕಿದೆ ಎಂದು ಕೇಳುವವರಿಗೆ ಕೊಡಲು ಈಗ ಒಂದು ಉತ್ತರವಾದರೂ ಇದೆ.

ಹಾಗೆಂದು ನಾನು ಮೂಲವನ್ನು ಮುಟ್ಟಬಾರದೆನ್ನುವ ಮಡಿವಂತರ ಪಕ್ಷದವನಲ್ಲ. ಅವರ ಅವಸ್ಥೆಯೂ ನೋಡುವಂತಿದೆ. ಮೂಲ, ಮೂಲ ಎಂದು ಎದೆ ಬಡಿದುಕೊಳ್ಳುವವರು ಯಾವ ಮೂಲವನ್ನು ಕೇಳಿದ್ದಾರೆ? ಪುರಂದರದಾಸರು ತಮ್ಮ ಪದಗಳನ್ನು ಹೇಗೆ ಹಾಡುತ್ತಿದ್ದರೆಂಬುದನ್ನು ತಿಳಿಯುವ ಧ್ವನಿಮುದ್ರಿಕೆಯೇನೂ ನಮ್ಮಲ್ಲಿಲ್ಲ, ಬಹುಪಾಲು ಪದಗಳ ಆಗಿನ ಧಾಟಿಯೂ ಉಳಿದು ಬಂದಿಲ್ಲ. ಕರ್ನಾಟಕ ಸಂಗೀತದವರು ಹಾಡುತ್ತಿದ್ದ ಅದೇ ಪದಗಳನ್ನು ಭೀಮಸೇನ ಜೋಶಿಯವರು ಹಿಂದುಸ್ತಾನಿ ದಾರಿಯಲ್ಲಿ ‘ದಾಸವಾಣಿ’ಯೆಂದು ಹಾಡಿದಾಗ ಯಾರಿಗೂ ನಷ್ಟವಾಗಲಿಲ್ಲ. ಅಷ್ಟೇಕೆ, ನಮ್ಮ ಕುಂಬಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳಿಗೂ, ಕಥಕಳಿಯ ಪೂರ್ವರೂಪವೆನ್ನಲಾಗುವ ಕೊಟ್ಟಾರಕ್ಕರ ತಂಬುರಾನನ ರಾಮನಾಟ್ಟಕ್ಕೂ ಇರುವ ಹೋಲಿಕೆಯನ್ನು ಹಿಡಿದು, ಯಾರನ್ನು ನೋಡಿ ಯಾರು ಬರೆದರೆಂದು ವಿದ್ವಾಂಸರು ದಶಕಗಟ್ಟಲೆ ಜಗಳವಾಡಿದ್ದಾರೆ. ಯಕ್ಷಗಾನದ ತೆಂಕುತಿಟ್ಟು ಶೈಲಿಯ ಮೂಲಪುರುಷನೆಂದು ನಾವು ಕೈಮುಗಿಯುವವನ ಮೇಲೆಯೇ ಕವರಿನ ಆರೋಪವಿರುವ ನೆಲದಲ್ಲಿ ನಿಂತು ಶುದ್ಧಾಶುದ್ಧದ ಮಾತಾಡುವಾಗ ಸ್ವಲ್ಪ ಮೆಲ್ಲಗೆ ಮಾತಾಡುವುದು ಒಳ್ಳೆಯದು.

ಆ ಸುಬ್ಬನ ಪದ್ಯವನ್ನು ಇಂದಿಗೂ ಹಾಡುವ ಭಾಗವತರನ್ನು ನೋಡಿ. ಪ್ರಸಂಗ ಪುಸ್ತಕದಲ್ಲಿ ಪದ್ಯದ ತಲೆಯ ಮೇಲೆ ರಾಗವೂ ತಾಳವೂ ಬರೆದಿರುತ್ತವೆ. ಭಾಗವತ ಸಂದರ್ಭ ನೋಡಿ ರಾಗವನ್ನು ಬದಲಿಸಬಹುದು, ವೇಷಧಾರಿಯ ಕಾಲಿನ ಬಲ ನೋಡಿ ಕಾಲವನ್ನು ಏರಿಸಬಹುದು, ಇಳಿಸಬಹುದು, ಆದರೆ ಪದ್ಯದ ಮಟ್ಟನ್ನು, ಅಂದರೆ ಅದರ ಛಂದಸ್ಸಿನ ನಡೆಯನ್ನು, ಕೆಡಿಸಿದರೆ ಚೆಂಡೆಯವನೇ ತಿರುಗಿ ನೋಡುತ್ತಾನೆ. ಪಡ್ರೆಯಲ್ಲಿ ಹುಟ್ಟಿದ ಬಲಿಪ ನಾರಾಯಣ ಭಾಗವತರು ಹಾಡಿದ ಪದ್ಯಗಳನ್ನೇ ಬೇರೆಯವರೂ ಹಾಡಿದರು. ಆದರೂ ಬಲಿಪ ಶೈಲಿಯೆಂದು ಪ್ರತ್ಯೇಕವಾದ ಹೆಸರೊಂದು ಉಳಿಯಿತು. ಪುಸ್ತಕ ನೋಡದೆ ಪ್ರಸಂಗಗಳನ್ನು ಆಡಿಸುವಷ್ಟು ಕಂಠಪಾಠವಿದ್ದವರಿಗೆ ಆ ಹೆಸರು ಸಿಕ್ಕಿತೇ ಹೊರತು, ಎರಡನೆಯ ಚರಣಕ್ಕೆ ಮೊಬೈಲ್ ನೋಡುವವರಿಗಲ್ಲ. ಬಲಿಪರು ಟೀಸರ್ ಬಿಟ್ಟಿರಲಿಲ್ಲವೆಂಬುದನ್ನೂ ದಾಖಲಿಸಬೇಕು.

ಆದ್ದರಿಂದ ಎಷ್ಟು ಬದಲಿಸಬಹುದು, ಎಲ್ಲಿಗೆ ನಿಲ್ಲಿಸಬೇಕು ಎಂಬ ಪ್ರಶ್ನೆಗೆ ಉತ್ತರ ಬೇಕಾಗಿದೆ, ಮತ್ತು ಅದಕ್ಕಾಗಿ ಎಲ್ಲಿಗೂ ಹೋಗಬೇಕಾಗಿಲ್ಲ. ಕಾಸರಗೋಡು ಪೇಟೆಯಿಂದ ಸ್ವಲ್ಪವೇ ದೂರದಲ್ಲಿರುವ ಎಡನೀರು ಮಠದ ಶ್ರೀ ಕೇಶವಾನಂದ ಭಾರತೀ ಸ್ವಾಮೀಜಿಯವರು ಮಠದ ಭೂಮಿಯ ವಿಚಾರವಾಗಿ 1970ರಲ್ಲಿ ಕೇರಳ ಸರಕಾರದ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. 13 ನ್ಯಾಯಾಧೀಶರ ಪೀಠ 68 ದಿನ ವಾದ ಕೇಳಿ, 1973ರ ಏಪ್ರಿಲ್ 24ರಂದು ಏಳಕ್ಕೆ ಆರರ ಬಹುಮತದಿಂದ ತೀರ್ಪು ಕೊಟ್ಟಿತು: ಸಂಸತ್ತು ಸಂವಿಧಾನದ ಯಾವ ಭಾಗವನ್ನಾದರೂ ತಿದ್ದಬಹುದು, ಅದರ ಮೂಲ ಸ್ವರೂಪವನ್ನು ಮಾತ್ರ ಕೆಡಿಸಕೂಡದು. ಆ ಸ್ವಾಮೀಜಿಯವರು ಸ್ವತಃ ಸಂಗೀತಗಾರರಾಗಿದ್ದರು, ಯಕ್ಷಗಾನ ಬಲ್ಲವರಾಗಿದ್ದರು ಎಂಬುದನ್ನು ನೆನೆದರೆ, ಈ ತೀರ್ಪು ನಿಜವಾಗಿ ಹಾಡಿನ ಬಗ್ಗೆಯೇ ಇದ್ದು ದಿಲ್ಲಿಯ ವಕೀಲರು ಅದನ್ನು ತಪ್ಪಾಗಿ ಸಂವಿಧಾನಕ್ಕೆ ಅನ್ವಯಿಸಿಕೊಂಡರೇನೋ ಎಂಬ ಸಂಶಯ ನನಗಿದೆ. ಸಂಸತ್ತಿಗೇ ಇಲ್ಲದ ಅಧಿಕಾರವನ್ನು ನಮ್ಮ ಕೀಬೋರ್ಡಿನವರು ಇಷ್ಟು ವರ್ಷ ಚಲಾಯಿಸಿಕೊಂಡು ಬಂದಿದ್ದಾರೆ.

ಹಾಡಿನ ಮೂಲ ಸ್ವರೂಪವೆಂದರೆ ಯಾವುದು ಎಂಬ ಪಟ್ಟಿಯನ್ನು ಸುಪ್ರೀಂ ಕೋರ್ಟಿನವರಂತೆ ನಾವೂ ಪೂರ್ತಿಯಾಗಿ ಬರೆದಿಡುವುದು ಬೇಡ. ಹಾಡು ಯಾವ ಭಾವವನ್ನು ಹೇಳಲು ಹುಟ್ಟಿತೋ ಆ ಭಾವ, ಕವಿಯ ಎಲ್ಲ ಚರಣಗಳು, ಕವಿಯ ಹೆಸರು, ಇಷ್ಟನ್ನು ಸದ್ಯಕ್ಕೆ ತಿದ್ದುಪಡಿಯ ಆಚೆಗಿಟ್ಟರೆ ಸಾಕು. ವಾದ್ಯ, ವೇಗ, ಶ್ರುತಿ, ಕಾಹೋನ್, ಬೇಕಲ, ಇವೆಲ್ಲ ಸಾಮಾನ್ಯ ಬಹುಮತದ ವಿಷಯಗಳು. ತಕರಾರು ಬಂದರೆ ತೀರ್ಮಾನಿಸಲು 13 ಮಂದಿಯ ಪೀಠವೊಂದನ್ನು ಜಿಲ್ಲಾ ಮಟ್ಟದಲ್ಲಿ ರಚಿಸಬಹುದು. ನಮ್ಮ ಏಳು ಭಾಷೆಗಳಿಗೆ ಒಂದೊಂದರಂತೆ ಏಳು ಸ್ಥಾನ. ಉಳಿದ ಆರು ಸ್ಥಾನಗಳನ್ನು ಡ್ರೋನಿನವರು, ಎಡಿಟಿಂಗಿನವರು, ಕೀಬೋರ್ಡಿನವರು, ಸೌಂಡಿನವರು, ಪ್ರಾಯೋಜಕರು, ಶಾಲಿನ ಅಂಗಡಿಯವರು ಹಂಚಿಕೊಳ್ಳಲಿ. ಲೆಕ್ಕದ ಪ್ರಕಾರ ಏಳಕ್ಕೆ ಆರರಿಂದ ಹಾಡೇ ಗೆಲ್ಲಬೇಕು. ಕಾಸರಗೋಡಿನಲ್ಲಿ ಏಳೂ ಭಾಷೆಯವರು ಒಂದೇ ಕಡೆಗೆ ಕೈಯೆತ್ತಿದ ಸಂದರ್ಭವೊಂದನ್ನು ಯಾರಾದರೂ ತೋರಿಸಿಕೊಟ್ಟರೆ ಪೀಠದ ಉದ್ಘಾಟನೆಯ ದಿನಾಂಕವನ್ನು ನಿಗದಿಪಡಿಸಲಾಗುವುದು. ಅದಕ್ಕೂ ಮೊದಲು ಪೋಸ್ಟರ್ ಬಿಡುಗಡೆ ಇದ್ದೇ ಇದೆ.